ಜಾಗ ಕೊಳ್ಳುವ ಮುನ್ನ: ಪತ್ರದಲ್ಲಿ ಇಲ್ಲದ ಹೆಸರುಗಳನ್ನೂ ಹುಡುಕಿ



ವಾರಸು ಹಕ್ಕಿನ ಕುರಿತಾದ ಜುಮಾ ಖುತ್ಬಾದ ಸಾರಾಂಶವನ್ನು ಪ್ರಕಟಿಸಿದಾಗಲೆಲ್ಲ ನಮಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. "ಒಂದು ಸೈಟು ನೋಡಿದ್ದೇವೆ, ಬೆಲೆಯೂ ಕುದುರಿದೆ. ಇಸಿಯಲ್ಲಿ ಏನೂ ಇಲ್ಲ, ಖಾತಾ ಸರಿಯಿದೆ. ಇನ್ನೇನು ನೋಡಬೇಕು?" ಎಂದು ಕೇಳುವವರು ಕೆಲವರು. "ತಂದೆಯ ಮನೆಯನ್ನು ಅಣ್ಣಂದಿರು ಮಾರಿಬಿಟ್ಟರು. ನನ್ನ ಹೆಸರು ಯಾವ ಪತ್ರದಲ್ಲೂ ಇಲ್ಲ. ನನಗೆ ಹಕ್ಕಿದೆಯೇ?" ಎಂದು ಕೇಳುವವರು ಮತ್ತೆ ಕೆಲವರು. ಮೊದಲನೆಯದು ಕೊಳ್ಳುವವರ ಪ್ರಶ್ನೆ, ಎರಡನೆಯದು ಮನೆಯ ಮಗಳ ಪ್ರಶ್ನೆ. ಸ್ವಲ್ಪ ಯೋಚಿಸಿದರೆ ಎರಡೂ ಒಂದೇ ಪ್ರಶ್ನೆಯೆಂಬುದು ತಿಳಿಯುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಮೊದಲನೆಯ ಪ್ರಶ್ನೆಗೆ ಉತ್ತರವಿಲ್ಲ.

ನಮ್ಮ ಕುಟುಂಬಗಳಲ್ಲಿ ಉಳಿತಾಯವೆಂದರೆ ಹೆಚ್ಚಾಗಿ ಭೂಮಿ. ಗಲ್ಫ್‌ನಲ್ಲಿ ಹತ್ತಾರು ವರ್ಷ ದುಡಿದವರು, ಅಂಗಡಿ ವ್ಯಾಪಾರದಲ್ಲಿ ರೂಪಾಯಿಗೆ ರೂಪಾಯಿ ಕೂಡಿಸಿದವರು, ಬಡ್ಡಿಯ ಠೇವಣಿ ಬೇಡವೆಂದು ದೂರ ನಿಂತವರು ಕೊನೆಗೆ ಹಣ ತೊಡಗಿಸುವುದು ಒಂದು ಸೈಟಿನಲ್ಲಿ ಅಥವಾ ಮನೆಯಲ್ಲಿ. ಆ ಜಾಗದ ಮೇಲೆ ಇನ್ನೊಬ್ಬರ ಹಕ್ಕು ಉಳಿದಿದ್ದರೆ ಹೋಗುವುದು ಹಣ ಮಾತ್ರವಲ್ಲ. ವರ್ಷಗಟ್ಟಲೆ ನ್ಯಾಯಾಲಯದ ಅಲೆದಾಟ, ನೆರೆಹೊರೆಯವರ ಮನಸ್ತಾಪ, ಅದಕ್ಕಿಂತ ಮಿಗಿಲಾಗಿ ಬೇರೊಬ್ಬರ ಪಾಲನ್ನು ತಿಳಿಯದೆ ಅನುಭವಿಸಿದ ಹೊರೆ. ಗೇಣುದ್ದದ ಭೂಮಿಯನ್ನು ಅನ್ಯಾಯವಾಗಿ ಪಡೆದವರ ಬಗ್ಗೆ ಪ್ರವಾದಿ(ಸ)ರು ಕೊಟ್ಟ ಎಚ್ಚರಿಕೆಯನ್ನು ನಾವೆಲ್ಲ ಮಿಂಬರ್‌ನಿಂದ ಕೇಳಿದ್ದೇವೆ. ಆ ಎಚ್ಚರಿಕೆ ಕಬಳಿಸುವವನಿಗೆ ಮಾತ್ರ ಅನ್ವಯವೆಂದು ನಾವು ಭಾವಿಸಿದ್ದೇವೆ. ವಿಚಾರಿಸದೆ ಕೊಳ್ಳುವವರೂ ಅದನ್ನು ನೆನಪಿಡಬೇಕು.

ಆದ್ದರಿಂದ ಕರ್ನಾಟಕದಲ್ಲಿ ಜಾಗ ಕೊಳ್ಳುವಾಗ ಹಕ್ಕನ್ನು ಹೇಗೆ ಪರಿಶೀಲಿಸಬೇಕು, ನೋಂದಣಿಯ ದಿನದವರೆಗೆ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ನೋಂದಣಿ ಬೇರೆ, ಹಕ್ಕು ಬೇರೆ

ಮೊದಲು ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಿಕೊಳ್ಳೋಣ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಯಿತೆಂದರೆ ಸರ್ಕಾರವೇ ನಮ್ಮ ಹಕ್ಕಿಗೆ ಖಾತರಿ ಕೊಟ್ಟಿತೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 1908ರ ನೋಂದಣಿ ಕಾಯಿದೆಯಂತೆ ಆ ಕಚೇರಿ ದಾಖಲಿಸುವುದು ಪತ್ರವನ್ನು. ಮಾರುವವನಿಗೆ ನಿಜವಾಗಿ ಎಷ್ಟು ಹಕ್ಕಿದೆಯೆಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ತನಗಿಲ್ಲದ್ದನ್ನು ಯಾರೂ ಮಾರಲಾರರು. ಮಾರುವವನಿಗೆ ಅರ್ಧ ಹಕ್ಕಿದ್ದರೆ, ಪತ್ರದಲ್ಲಿ ಪೂರ್ತಿ ಬರೆದಿದ್ದರೂ ನಮಗೆ ಸಿಗುವುದು ಅರ್ಧವೇ.

ಪಹಣಿ ಮತ್ತು ಖಾತಾದ ವಿಷಯವೂ ಅಷ್ಟೇ. ಅವು ಕಂದಾಯಕ್ಕಾಗಿ, ತೆರಿಗೆಗಾಗಿ ಇರುವ ದಾಖಲೆಗಳು. ಮ್ಯುಟೇಷನ್ ಆದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಆಗದ ಮಾತ್ರಕ್ಕೆ ಒಡೆತನ ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯನ್ನು ಹಿರಿಯ ಮಗನೊಬ್ಬನ ಹೆಸರಿಗೆ ಮಾಡಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಅದರಿಂದ ಅವನೊಬ್ಬನೇ ಒಡೆಯನಾಗುವುದಿಲ್ಲ.

ಇನ್ನು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಈಗ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದೀಚಿನ ವ್ಯವಹಾರಗಳಿಗೆ ಮನೆಯಿಂದಲೇ ಅರ್ಜಿ ಹಾಕಿ ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಹೋಗಬೇಕು. ಇದು ಬಹಳ ಉಪಯುಕ್ತ ದಾಖಲೆ. ಆದರೆ ಅದು ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಸಾವು ನೋಂದಣಿ ಕಚೇರಿಯ ವ್ಯವಹಾರವಲ್ಲ. ಒಬ್ಬ ಮುಸ್ಲಿಮನು ತೀರಿಕೊಂಡ ಕ್ಷಣದಲ್ಲೇ ಅವನ ಆಸ್ತಿ ವಾರಸುದಾರರಿಗೆ ಅವರವರ ಪಾಲಿನ ಪ್ರಕಾರ ಸೇರುತ್ತದೆ. ಅದಕ್ಕೆ ಯಾವ ಪತ್ರವೂ ಬೇಕಿಲ್ಲ, ಯಾವ ನೋಂದಣಿಯೂ ಬೇಕಿಲ್ಲ. ಹಾಗಾಗಿ ಇಸಿ ಖಾಲಿಯಿದ್ದರೂ ಆ ಮನೆಯ ಮೇಲೆ ಐದಾರು ಜನರ ಹಕ್ಕು ಇರಬಹುದು.

ಎಂಟು ಪಾಲಿನ ಒಂದು ಉದಾಹರಣೆ

ಒಂದು ಲೆಕ್ಕ ಹಾಕೋಣ. ಒಬ್ಬರಿಗೆ 30-40 ಅಳತೆಯ, ಅಂದರೆ 1200 ಚದರ ಅಡಿಯ ಸೈಟಿದೆ. ಅವರು ತೀರಿಕೊಂಡಾಗ ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ಅವರ ತಂದೆತಾಯಿ ಮೊದಲೇ ತೀರಿಕೊಂಡಿದ್ದಾರೆ. ದಫನದ ಖರ್ಚು, ಸಾಲ, ವಸಿಯ್ಯತ್ ಕಳೆದು ಉಳಿದದ್ದು ಪಾಲಾಗಬೇಕು. ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ ಎಂಬುದನ್ನು ಮರೆಯಬಾರದು. ಇಲ್ಲಿ ಸಾಲವೂ ಇಲ್ಲ, ವಸಿಯ್ಯತ್ತೂ ಇಲ್ಲ ಎಂದುಕೊಳ್ಳೋಣ.

ಅನ್ನಿಸಾ ಅಧ್ಯಾಯದಲ್ಲಿ ನಿಗದಿಯಾದಂತೆ ಮಕ್ಕಳಿರುವ ಪತ್ನಿಗೆ ಎಂಟನೆಯ ಒಂದು ಪಾಲು. ಉಳಿದ ಏಳು ಪಾಲಿನಲ್ಲಿ ಮಗನಿಗೆ ಎರಡರಂತೆ, ಮಗಳಿಗೆ ಒಂದರಂತೆ. ಇಬ್ಬರು ಗಂಡುಮಕ್ಕಳಿಗೆ ನಾಲ್ಕು, ಮೂವರು ಹೆಣ್ಣುಮಕ್ಕಳಿಗೆ ಮೂರು. ಒಟ್ಟು ಎಂಟು ಪಾಲು ಸರಿಹೋಯಿತು.

ಈಗ ಅಣ್ಣತಮ್ಮ ಇಬ್ಬರೇ ಸೇರಿ ಆ ಸೈಟನ್ನು 40 ಲಕ್ಷಕ್ಕೆ ಮಾರುತ್ತಾರೆ. ಖಾತಾ ಅವರ ಹೆಸರಿನಲ್ಲಿದೆ, ಇಸಿ ಖಾಲಿಯಿದೆ. ಕೊಂಡವರಿಗೆ ಸಿಕ್ಕಿದ್ದು ಎಷ್ಟು? ಎಂಟರಲ್ಲಿ ನಾಲ್ಕು ಪಾಲು. 1200 ಚದರ ಅಡಿಗೆ ಹಣ ಕೊಟ್ಟು 600 ಚದರ ಅಡಿಯ ಹಕ್ಕು ಪಡೆದಂತಾಯಿತು. ಉಳಿದ ಅರ್ಧ ತಾಯಿ ಮತ್ತು ಮೂವರು ಸಹೋದರಿಯರದು. ತಲಾ 150 ಚದರ ಅಡಿ, ಹಣದ ಲೆಕ್ಕದಲ್ಲಿ ತಲಾ ಐದು ಲಕ್ಷ ರೂಪಾಯಿ. ಅವರು ಸಹಿ ಮಾಡಿಲ್ಲ, ಹಣ ಪಡೆದಿಲ್ಲ. ಅವರ ಹಕ್ಕು ಅಲ್ಲೇ ಇದೆ.

ಮುಸ್ಲಿಂ ಕಾನೂನಿನಲ್ಲಿ ಅವಿಭಕ್ತ ಕುಟುಂಬದ ಯಜಮಾನ ಎಂಬ ಪರಿಕಲ್ಪನೆಯೇ ಇಲ್ಲ. ದೊಡ್ಡಣ್ಣ ಎಷ್ಟೇ ಜವಾಬ್ದಾರಿ ಹೊತ್ತಿರಲಿ, ತಂಗಿಯ ಪಾಲನ್ನು ಮಾರುವ ಅಧಿಕಾರ ಅವನಿಗೆ ತಾನಾಗಿ ಬರುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ತಂದೆಯ ನಂತರ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳು ತೀರಿಕೊಂಡಿದ್ದಾಳೆ. ಅವಳ ಪಾಲು ಅಣ್ಣಂದಿರಿಗೆ ಮರಳುವುದಿಲ್ಲ. ಅವಳಿಗೆ ಗಂಡನೂ ಗಂಡುಮಕ್ಕಳೂ ಇದ್ದರೆ ಅವಳ ಪಾಲಿನಲ್ಲಿ ಗಂಡನಿಗೆ ನಾಲ್ಕನೆಯ ಒಂದು ಭಾಗ, ತಾಯಿ ಬದುಕಿದ್ದರೆ ತಾಯಿಗೆ ಆರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ಈಗ ಕ್ರಯಪತ್ರಕ್ಕೆ ಭಾವನ ಸಹಿಯೂ ಬೇಕು, ಆ ಮಕ್ಕಳ ಹಕ್ಕಿನ ಬಗ್ಗೆಯೂ ವ್ಯವಸ್ಥೆಯಾಗಬೇಕು. ಸಾವುಗಳನ್ನು ತಾರೀಖಿನ ಪ್ರಕಾರ ಒಂದೊಂದಾಗಿ ಬರೆದುಕೊಂಡು ಹೋದರೆ ಮಾತ್ರ ಈ ಲೆಕ್ಕ ಸಿಗುತ್ತದೆ.

"ಅಕ್ಕ ಬಿಟ್ಟುಕೊಟ್ಟಿದ್ದಾಳೆ" ಎಂಬ ಮಾತು

ಮಾರುವವರ ಮನೆಯಲ್ಲಿ ಹೆಣ್ಣುಮಕ್ಕಳ ವಿಷಯ ಎತ್ತಿದರೆ ಸಿಗುವ ಉತ್ತರಗಳು ಬಹುತೇಕ ಇವೇ. "ಮದುವೆಯಲ್ಲಿ ಬಂಗಾರ ಹಾಕಿ ಕಳಿಸಿದ್ದೇವೆ." "ಅಕ್ಕ ತನಗೇನೂ ಬೇಡವೆಂದಿದ್ದಾಳೆ." "ಅಬ್ಬಾ ಇದ್ದಾಗಲೇ ಬರೆಸಿಕೊಂಡಿದ್ದೇವೆ."

ಮದುವೆಯ ಖರ್ಚು ವಾರಸು ಪಾಲಿಗೆ ಸಮವಲ್ಲ. ಬಾಯಿಮಾತಿನಲ್ಲಿ ಬೇಡವೆಂದದ್ದರ ಮೇಲೆ ಭರವಸೆಯಿಟ್ಟು ಯಾರೂ ಹಣ ಕೊಡಬಾರದು. ಸ್ಥಿರಾಸ್ತಿಯ ಪಾಲನ್ನು ಸಹೋದರಿ ನಿಜವಾಗಿ ಬಿಟ್ಟುಕೊಡುವುದಿದ್ದರೆ ನೋಂದಾಯಿತ ಹಕ್ಕು ಖುಲಾಸೆ ಪತ್ರವಿರಬೇಕು. ತಂದೆ ಬದುಕಿದ್ದಾಗ ಬರೆಸಿಕೊಂಡದ್ದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ತಂದೆ ಇರುವವರೆಗೆ ಮಕ್ಕಳಿಗೆ ಆ ಆಸ್ತಿಯಲ್ಲಿ ಹಕ್ಕೇ ಹುಟ್ಟಿರುವುದಿಲ್ಲ. ಇನ್ನೂ ಕೈಗೆ ಬಾರದ್ದನ್ನು ಬಿಟ್ಟುಕೊಡುವುದು ಹೇಗೆ?

"ಇಪ್ಪತ್ತು ವರ್ಷವಾಯಿತು, ಇನ್ನು ಯಾರು ಕೇಳುತ್ತಾರೆ?" ಎಂಬ ಧೈರ್ಯವೂ ಬೇಡ. ಒಬ್ಬ ಸಹಹಕ್ಕುದಾರನು ಆಸ್ತಿಯಲ್ಲಿ ವಾಸವಿರುವುದನ್ನು ಕಾನೂನು ಎಲ್ಲ ಹಕ್ಕುದಾರರ ಪರವಾದ ಸ್ವಾಧೀನವೆಂದೇ ನೋಡುತ್ತದೆ. ತಂಗಿಯ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ, ಅದು ಅವಳಿಗೆ ತಿಳಿದು, ಹನ್ನೆರಡು ವರ್ಷ ಕಳೆದಿದೆಯೆಂದು ಸಾಬೀತುಪಡಿಸುವುದು ಸುಲಭವಲ್ಲ. ಹಾಗೆ ಸಾಬೀತುಪಡಿಸಿ ಗೆದ್ದರೂ ಅಲ್ಲಾಹನ ಮುಂದಿನ ಲೆಕ್ಕ ಮುಗಿದಂತಾಗುವುದಿಲ್ಲ.

ಕೆಲವು ಬ್ರೋಕರ್‌ಗಳು ಸಹೋದರಿಯರಿಂದ 'ಒಪ್ಪಿಗೆ ಸಾಕ್ಷಿ' ಎಂದು ಸಹಿ ಹಾಕಿಸಿದರೆ ಸಾಕೆನ್ನುತ್ತಾರೆ. ಅದಕ್ಕಿಂತ ಅವರನ್ನೇ ಮಾರಾಟಗಾರರ ಸಾಲಿನಲ್ಲಿ ಸೇರಿಸಿ, ಅವರ ಪಾಲಿನ ಹಣವನ್ನು ಅವರವರ ಬ್ಯಾಂಕ್ ಖಾತೆಗೇ ಹಾಕುವುದು ಸರಿಯಾದ ದಾರಿ. ಇದರಿಂದ ಕೊಳ್ಳುವವರಿಗೆ ಪೂರ್ಣ ಹಕ್ಕು ಸಿಗುತ್ತದೆ, ಸಹೋದರಿಗೆ ಪೂರ್ಣ ಹಣ ಸಿಗುತ್ತದೆ. ಆ ಹಣವನ್ನು ಆಕೆ ತನ್ನ ಇಷ್ಟದಿಂದ ತಮ್ಮನಿಗೆ ಕೊಟ್ಟರೆ ಅದು ಅವಳ ಔದಾರ್ಯ.

ಅನಾಥ ಮಕ್ಕಳ ಪಾಲು

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ನಾವು ಕೇಳಿಕೊಳ್ಳುತ್ತೇವೆ.

ಗಂಡ ತೀರಿಕೊಂಡಿದ್ದಾನೆ. ಹೆಂಡತಿ, ಚಿಕ್ಕ ಮಕ್ಕಳು. ಸಂಸಾರದ ಕಷ್ಟಕ್ಕೆ ಆಕೆ ಮನೆ ಮಾರಲು ಮುಂದಾಗುತ್ತಾಳೆ. "ನಾನೇ ತಾಯಿ, ಮಕ್ಕಳ ಪರವಾಗಿ ಸಹಿ ಹಾಕುತ್ತೇನೆ" ಎನ್ನುತ್ತಾಳೆ. ಕೊಳ್ಳುವವರು ಕನಿಕರದಿಂದಲೋ ಬೆಲೆ ಕಡಿಮೆಯೆಂದೋ ಒಪ್ಪುತ್ತಾರೆ. ಆದರೆ ಮುಸ್ಲಿಂ ಕಾನೂನಿನಂತೆ ಅಪ್ರಾಪ್ತ ಮಕ್ಕಳ ಆಸ್ತಿಗೆ ಪೋಷಕರೆಂದರೆ ತಂದೆ, ತಂದೆ ವಸಿಯ್ಯತ್ ಮೂಲಕ ನೇಮಿಸಿದವರು, ತಂದೆಯ ತಂದೆ, ಅವರು ನೇಮಿಸಿದವರು. ತಾಯಿ ಮಕ್ಕಳನ್ನು ಸಾಕುವ ಹಕ್ಕುಳ್ಳವಳು. ಆದರೆ ಅವರ ಸ್ಥಿರಾಸ್ತಿಯನ್ನು ಮಾರುವ ಅಧಿಕಾರ ಅವಳಿಗೆ ತಾನಾಗಿ ಇಲ್ಲ. ಅಣ್ಣನಿಗೂ ಇಲ್ಲ, ಚಿಕ್ಕಪ್ಪನಿಗೂ ಇಲ್ಲ. 1918ರಲ್ಲಿ ಇಮಾಮ್‌ಬಂದಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಸ್ಪಷ್ಟಪಡಿಸಿತು. ಸುಪ್ರೀಂ ಕೋರ್ಟ್ ಕೂಡ 1996ರಲ್ಲಿ ಅದೇ ನಿಲುವನ್ನು ಎತ್ತಿಹಿಡಿಯಿತು. ಅಂತಹ ಮಾರಾಟ ಮಕ್ಕಳ ಪಾಲಿನ ಮಟ್ಟಿಗೆ ಅಸಿಂಧು.

ಹಾಗಾದರೆ ಆ ವಿಧವೆ ಏನು ಮಾಡಬೇಕು? 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಮಕ್ಕಳ ಆಸ್ತಿಗೆ ತನ್ನನ್ನು ಪೋಷಕಿಯಾಗಿ ನೇಮಿಸಿಕೊಳ್ಳಬಹುದು. ಆಮೇಲೆ ಮಾರಾಟಕ್ಕೆ ನ್ಯಾಯಾಲಯದ ಪೂರ್ವಾನುಮತಿ ಪಡೆಯಬೇಕು. ಮಾರಾಟದಿಂದ ಮಕ್ಕಳಿಗೆ ಒಳಿತಿದೆಯೇ, ಅವರ ಪಾಲಿನ ಹಣ ಎಲ್ಲಿರುತ್ತದೆ ಎಂದು ನ್ಯಾಯಾಲಯ ನೋಡುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ. ಅಷ್ಟು ಕಾಯುವ ತಾಳ್ಮೆ ಕೊಳ್ಳುವವರಿಗೆ ಇಲ್ಲದಿದ್ದರೆ ಆ ಜಾಗವನ್ನು ಬಿಡುವುದೇ ಲೇಸು. ಇಲ್ಲವಾದರೆ ಆ ಮಕ್ಕಳು ದೊಡ್ಡವರಾಗಿ ಬಾಗಿಲು ತಟ್ಟಿದ ದಿನ ಅವರಿಗೆ ಹೇಳಲು ನಮ್ಮಲ್ಲಿ ಉತ್ತರವಿರುವುದಿಲ್ಲ. ಅನಾಥರ ಸೊತ್ತಿನ ವಿಷಯದಲ್ಲಿ ಪವಿತ್ರ ಕುರ್‌ಆನ್ ಎಷ್ಟು ಕಠಿಣವಾಗಿ ಎಚ್ಚರಿಸಿದೆ ಎಂಬುದನ್ನು ಓದುಗರಿಗೆ ಬೇರೆ ಹೇಳಬೇಕಿಲ್ಲ.

ಜಮಾಅತ್‌ಗಳಿಗೂ ಇಲ್ಲೊಂದು ಕೆಲಸವಿದೆ. ವಿಧವೆಯೊಬ್ಬಳು ಮನೆ ಮಾರಲು ಹೊರಟಾಗ ಬರೀ ಗಿರಾಕಿ ಹುಡುಕಿಕೊಡುವ ಬದಲು ಒಬ್ಬ ಒಳ್ಳೆಯ ವಕೀಲರ ಬಳಿ ಕರೆದೊಯ್ದರೆ ಅದು ದೊಡ್ಡ ಉಪಕಾರ. ತಾಲೂಕು ಮತ್ತು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳಲ್ಲಿ ಮಹಿಳೆಯರಿಗೆ ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಹಿಬಾ, ವಸಿಯ್ಯತ್, ವಕ್ಫ್

"ತಂದೆ ನನಗೆ ಹಿಬಾ ಮಾಡಿದ್ದಾರೆ" ಎಂದು ಒಬ್ಬ ಮಗ ಹೇಳಿದರೆ ಏನು ನೋಡಬೇಕು? ಮುಸ್ಲಿಮರ ಹಿಬಾ ಬಾಯಿಮಾತಿನಲ್ಲೂ ಆಗಬಹುದು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 129ನೆಯ ಕಲಮು ಅದಕ್ಕೆ ಅವಕಾಶ ಇಟ್ಟಿದೆ. ಆದರೆ ಮೂರು ಅಂಶಗಳು ಕೂಡಿರಬೇಕು: ಕೊಡುವವರ ಘೋಷಣೆ, ಪಡೆಯುವವರ ಸ್ವೀಕಾರ, ಸ್ವಾಧೀನದ ಹಸ್ತಾಂತರ. 2011ರ ಹಫೀಝಾ ಬೀಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮೂರನ್ನೂ ಮತ್ತೆ ಹೇಳಿದೆ. ಕಾಗದ ಬರೆದಿಟ್ಟು, ತಂದೆಯೇ ಕೊನೆಯವರೆಗೂ ಬಾಡಿಗೆ ಪಡೆಯುತ್ತಿದ್ದರೆ ಆ ಹಿಬಾ ಪ್ರಶ್ನೆಗೊಳಗಾಗುತ್ತದೆ. ಮರಣಶಯ್ಯೆಯಲ್ಲಿ ಮಾಡಿದ ಹಿಬಾಕ್ಕೆ ವಸಿಯ್ಯತ್ತಿನ ಮಿತಿಗಳೇ ಅನ್ವಯವಾಗುತ್ತವೆ. ಬಾಯಿಮಾತಿನ ಹಿಬಾ ಇಸಿಯಲ್ಲಿ ಕಾಣುವುದಿಲ್ಲವಾದ್ದರಿಂದ, ಹಿಬಾ ಪಡೆದವನಿಂದ ಕೊಳ್ಳುವಾಗ ಉಳಿದ ವಾರಸುದಾರರೂ ಕ್ರಯಪತ್ರದಲ್ಲಿ ಸೇರಿಕೊಳ್ಳುವುದು ಕ್ಷೇಮ.

ವಸಿಯ್ಯತ್ ಮೂರನೆಯ ಒಂದು ಭಾಗಕ್ಕೆ ಸೀಮಿತ. ವಾರಸುದಾರನಿಗೇ ಮಾಡಿದ ವಸಿಯ್ಯತ್ ಸುನ್ನಿ ಕಾನೂನಿನಲ್ಲಿ ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ನಿಲ್ಲದು, ಆ ಒಪ್ಪಿಗೆಯೂ ಮರಣಾನಂತರದ್ದಾಗಿರಬೇಕು. ಇಡೀ ಮನೆಯನ್ನು ಒಬ್ಬ ಮಗನಿಗೆ ಬರೆದ ಮರಣಶಾಸನವನ್ನು ತೋರಿಸಿದರೆ ಅಷ್ಟಕ್ಕೇ ಸಮಾಧಾನಪಡಬಾರದು.

ವಕ್ಫ್ ಜಾಗದ ವಿಷಯ ಸರಳ. ಅದು ಮಾರಾಟದ ವಸ್ತುವಲ್ಲ. 1995ರ ವಕ್ಫ್ ಕಾಯಿದೆಗೆ 2013ರಲ್ಲಿ ತಂದ ತಿದ್ದುಪಡಿ ಮಾರಾಟ, ದಾನ, ಅದಲುಬದಲು, ಅಡಮಾನಗಳನ್ನು ನಿಷೇಧಿಸಿತು. ಮಸ್ಜಿದ್, ದರ್ಗಾ, ಕಬರಸ್ಥಾನದ ಪಕ್ಕದ ಜಾಗ ಕೊಳ್ಳುವಾಗ ಸರ್ವೆ ನಂಬರ್ ಹಿಡಿದು ಜಿಲ್ಲಾ ವಕ್ಫ್ ಕಚೇರಿಯಲ್ಲಿ ವಿಚಾರಿಸಿ. ಪಹಣಿಯ 11ನೆಯ ಕಾಲಂ ಓದಿ.

ಹಿಂದೂ ಕುಟುಂಬದಿಂದ ಕೊಳ್ಳುವುದಿದ್ದರೂ ಹೆಣ್ಣುಮಕ್ಕಳನ್ನು ಮರೆಯುವಂತಿಲ್ಲ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಂದೆ ಆ ತಿದ್ದುಪಡಿಗೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಳಿಯುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರ ಮನೆಯ ಹೆಣ್ಣುಮಕ್ಕಳ ಹಕ್ಕು ನಮ್ಮ ಮನೆಯವರ ಹಕ್ಕಿನಷ್ಟೇ ಗೌರವಕ್ಕೆ ಅರ್ಹ.

ಭೂಮಿಯ ಮೂಲ

ಹಕ್ಕುದಾರರ ನಂತರ ಭೂಮಿಯ ಮೂಲ ನೋಡಬೇಕು. ವಕೀಲರು ಸಾಮಾನ್ಯವಾಗಿ 30 ವರ್ಷದ ಮೂಲಪತ್ರಗಳ ಸರಣಿಯನ್ನು ಕೇಳುತ್ತಾರೆ. ಯಾರಿಂದ ಯಾರಿಗೆ, ಯಾವ ಪತ್ರದ ಮೂಲಕ ಬಂತು ಎಂಬ ಕೊಂಡಿ ಎಲ್ಲೂ ಕಳಚಿರಬಾರದು. ನಕಲು ಸಾಲದು, ಮೂಲಪತ್ರವನ್ನೇ ಕಣ್ಣಾರೆ ನೋಡಬೇಕು. ಮೂಲಪತ್ರ ಕೈಯಲ್ಲಿಲ್ಲವೆಂದರೆ ಅದು ಯಾವುದಾದರೂ ಬ್ಯಾಂಕಿನಲ್ಲಿ ಅಡವಿದೆಯೇ ಎಂದು ಮೊದಲು ಕೇಳಬೇಕು.

ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಹೆಚ್ಚು ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯಿದೆಯಂತೆ ಆ ಕ್ರಯ ಶೂನ್ಯ. ಮಂಜೂರಾತಿದಾರರು ಭೂಮಿ ಮರಳಿ ಕೇಳಲು ಕಾಲಮಿತಿಯೂ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಎಷ್ಟು ಕೈ ಬದಲಾಗಿದ್ದರೂ ಈ ದೋಷ ಹೋಗುವುದಿಲ್ಲ. ಇದು ಕೂಡ ದುರ್ಬಲರ ಪಾಲನ್ನು ಕಾಯುವ ಕಾನೂನು. ಅದನ್ನು ತಪ್ಪಿಸುವ ದಾರಿ ಹುಡುಕಬಾರದು.

ಕೃಷಿ ಭೂಮಿಯಲ್ಲಿ ಭೂಪರಿವರ್ತನೆಯಿಲ್ಲದೆ ಮಾಡಿದ ಸೈಟುಗಳು ಅಗ್ಗ. ಆದರೆ ಆ ಅಗ್ಗಕ್ಕೆ ಕಾರಣವಿದೆ. ಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ, ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ಇ-ಖಾತಾ ಕೇಳಿ. ಹೊಸ ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ರೇರಾ ನೋಂದಣಿ ಬೇಕು. ರೇರಾ ವ್ಯಾಪ್ತಿಯ ಯೋಜನೆಯಲ್ಲಿ ನೋಂದಾಯಿತ ಕರಾರಿಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

ಬರೀ ಜಿಪಿಎ ಮತ್ತು ಕರಾರುಪತ್ರ ಕೊಟ್ಟು "ಇದೇ ಮಾರಾಟ" ಎನ್ನುವವರನ್ನು ನಂಬಬೇಡಿ. ಅಂತಹ ವ್ಯವಹಾರದಿಂದ ಒಡೆತನ ವರ್ಗಾವಣೆಯಾಗದೆಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕರಾರಿನಿಂದ ನೋಂದಣಿಯವರೆಗೆ

ಪರಿಶೀಲನೆ ಮುಗಿಯುವ ಮೊದಲೇ ದೊಡ್ಡ ಮುಂಗಡ ಕೊಟ್ಟುಬಿಡುವುದು ನಮ್ಮವರ ಸಾಮಾನ್ಯ ತಪ್ಪು. "ನಾಳೆ ಬೇರೆಯವರು ಬರುತ್ತಾರೆ" ಎಂಬ ಬ್ರೋಕರ್‌ನ ಮಾತಿಗೆ ಅವಸರಪಡಬೇಡಿ. ಅಲ್‌ಬಕರಾ ಅಧ್ಯಾಯದ ಅತಿ ದೀರ್ಘವಾದ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ಇಡುವ ಬಗ್ಗೆಯೇ ಇದೆ. ಬರೆಯಿಸಿಕೊಳ್ಳುವುದು ಅಪನಂಬಿಕೆಯಲ್ಲ. ಬಂಧುಗಳ ನಡುವಿನ ವ್ಯವಹಾರವಾದರಂತೂ ಬರೆಯಿಸಿಕೊಳ್ಳಲೇಬೇಕು.

ಕರಾರಿನಲ್ಲಿ ಎಲ್ಲ ವಾರಸುದಾರರ ಹೆಸರು, ಯಾವ ದಾಖಲೆಯನ್ನು ಯಾವ ದಿನದೊಳಗೆ ಕೊಡುತ್ತಾರೆ, ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದಿರಲಿ. ನಾಡಕಚೇರಿಯಿಂದ ಪಡೆದ ವಂಶವೃಕ್ಷ ಕೇಳಿ. ಆದರೆ ಅದು ಕುಟುಂಬದವರೇ ಕೊಟ್ಟ ಪ್ರಮಾಣಪತ್ರದ ಆಧಾರದಲ್ಲಿ ಸಿದ್ಧವಾಗುವುದರಿಂದ ಹೆಸರು ಬಿಟ್ಟುಹೋಗಿರಬಹುದು. ಊರಿನ ಜಮಾಅತ್‌ನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ "ಅವರಿಗೆ ಎಷ್ಟು ಮಕ್ಕಳು?" ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ವಕೀಲರ ಮೂಲಕ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪ ಕರೆಯುವುದು ಒಳ್ಳೆಯ ರೂಢಿ. ಆ ಊರಿನ ನ್ಯಾಯಾಲಯದಲ್ಲಿ ದಾವೆಯಿದೆಯೇ ಎಂದೂ ನೋಡಿಸಿ. ಸರ್ವೆಯರ್ ಕರೆಸಿ ಅಳತೆ ಮಾಡಿಸಿ, ಚಕ್ಕುಬಂದಿಯನ್ನು ಪತ್ರದೊಂದಿಗೆ ಹೋಲಿಸಿ. ಒಳಗೆ ಬಾಡಿಗೆದಾರರಿದ್ದರೆ ಅವರೊಡನೆ ನೇರವಾಗಿ ಮಾತಾಡಿ.

ವಾರಸುದಾರರಲ್ಲಿ ಒಬ್ಬರು ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದರೆ ಅವರು ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಅಧಿಕಾರಪತ್ರ ಮಾಡಿಸಿ ಕಳಿಸಬಹುದು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರ ಕೊಟ್ಟವರು ನೋಂದಣಿಯ ದಿನ ಬದುಕಿರುವುದನ್ನು ಖಚಿತಪಡಿಸಿಕೊಳ್ಳಿ. ಅವರು ತೀರಿಕೊಂಡರೆ ಅಧಿಕಾರವೂ ಮುಗಿಯುತ್ತದೆ.

ಖರ್ಚಿನ ಲೆಕ್ಕ ಮೊದಲೇ ಹಾಕಿ. ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. 40 ಲಕ್ಷದ ಸೈಟಿಗೆ ಇವೆಲ್ಲ ಸೇರಿ ಮೂರು ಲಕ್ಷಕ್ಕೂ ಮೇಲಾಗುತ್ತದೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರೇ ಶೇ. 1 ಟಿಡಿಎಸ್ ಕಡಿತ ಮಾಡಿ ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ಬೆಲೆ ಎಷ್ಟೇ ಇರಲಿ ಕಡಿತ ಮಾಡಬೇಕು, ದರವೂ ಹೆಚ್ಚು. ಇದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿ ತಿಳಿಯಿರಿ.

ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ರೂಢಿಯ ಬಗ್ಗೆ ಒಂದು ಮಾತು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆದರೆ ಆದಾಯ ತೆರಿಗೆ ಕಾನೂನಿನಂತೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದಿರಲಿ, ನಾಳೆ ಹಕ್ಕಿನಲ್ಲಿ ದೋಷ ಕಂಡು ಹಣ ಮರಳಿ ಕೇಳುವಾಗ ನಮ್ಮ ಕೈಯಲ್ಲಿರುವ ಆಧಾರ ಪತ್ರದಲ್ಲಿ ಬರೆದ ಮೊತ್ತ ಮಾತ್ರ. ಸುಳ್ಳು ಬೆಲೆಗೆ ಸಾಕ್ಷಿ ಹಾಕಿಸುವುದೂ ಸುಳ್ಳು ಸಾಕ್ಷಿಯೇ.

ನೋಂದಣಿಯ ದಿನ ಬೆಳಿಗ್ಗೆ ಇಸಿಯನ್ನು ಮತ್ತೊಮ್ಮೆ ನೋಡಿ. ಮೂಲಪತ್ರಗಳ ಕಟ್ಟು, ತೆರಿಗೆ ರಸೀದಿಗಳು, ಸಾಲವಿದ್ದರೆ ಬ್ಯಾಂಕಿನ ತೀರುವಳಿ ಪತ್ರ ಕೈಗೆ ಬಂದ ಮೇಲೆ ಕೊನೆಯ ಕಂತಿನ ಹಣ ಕೊಡಿ. ಅದೇ ದಿನ ಸ್ವಾಧೀನ ಪಡೆಯಿರಿ. ಆಮೇಲೆ ಖಾತಾ, ಪಹಣಿ, ವಿದ್ಯುತ್ ಸಂಪರ್ಕ ನಿಮ್ಮ ಹೆಸರಿಗೆ ಬಂತೇ ಎಂದು ಬೆನ್ನು ಹತ್ತಿ ನೋಡಿ. ಪತ್ರಗಳು ಎಲ್ಲಿವೆ ಎಂಬುದು ಮನೆಯ ಹೆಂಗಸರಿಗೂ ತಿಳಿದಿರಲಿ.

ಇಷ್ಟು ಓದಿದ ಮೇಲೆ, ಜಾಗ ಕೊಳ್ಳುವ ಯೋಚನೆಯಿಲ್ಲದವರೂ ಒಂದು ಕೆಲಸ ಮಾಡಬಹುದು. ನಮ್ಮ ನಮ್ಮ ಮನೆಯ ಪತ್ರವನ್ನು ತೆಗೆದು ನೋಡೋಣ. ಅಜ್ಜನ ಹೆಸರಿನಿಂದ ತಂದೆಯ ಹೆಸರಿಗೆ, ತಂದೆಯ ಹೆಸರಿನಿಂದ ನಮ್ಮ ಹೆಸರಿಗೆ ಅದು ಬಂದ ದಾರಿಯಲ್ಲಿ ಯಾವ ಅತ್ತೆ, ಯಾವ ಅಕ್ಕ, ಯಾವ ಚಿಕ್ಕಮ್ಮ ಬಿಟ್ಟುಹೋಗಿದ್ದಾರೆ? ಅವರು ಬದುಕಿದ್ದರೆ ಅವರೊಡನೆ ಮಾತಾಡೋಣ. ತೀರಿಕೊಂಡಿದ್ದರೆ ಅವರ ಮಕ್ಕಳೊಡನೆ ಮಾತಾಡೋಣ. ಕೊಡಬೇಕಾದದ್ದನ್ನು ಕೊಟ್ಟು, ಬರೆಯಬೇಕಾದದ್ದನ್ನು ಬರೆಯಿಸಿದರೆ ಆ ಮನೆ ಮಾರುವಾಗಲೂ ತೊಡಕಿಲ್ಲ, ಅದರಲ್ಲಿ ಬಾಳುವಾಗಲೂ ಬರಕತ್ ಇರುತ್ತದೆ.

ಹಕ್ಕುದಾರರಿಗೆ ಅವರ ಹಕ್ಕನ್ನು ತಲುಪಿಸುವ ಮನಸ್ಸನ್ನು ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೀನ್.